ಬೀಸಣಿಗೆ ತಾಳೆ

ಹಸಿ ತಾಳೆಗರಿಯ ವಾಸನೆ ಬಂದರೆ ಈಗಲೂ ನನಗೆ ಶಂಕರಪುರದ ಮನೆಯ ಆ ಮಧ್ಯಾಹ್ನ ನೆನಪಾಗುತ್ತದೆ.

ಅಮ್ಮ ಆಸೆಪಟ್ಟಳೆಂದು ಅಪ್ಪ ತಂದು ಕುಂಡದಲ್ಲಿ ನೆಟ್ಟಿದ್ದ ಬೀಸಣಿಗೆ ತಾಳೆ ವರ್ಷಕ್ಕೆ ಒಂದೋ ಎರಡೋ ಎಲೆ ಬಿಡುತ್ತಿತ್ತು. ನಾನು ಮುಟ್ಟಿದರೂ ಅಪ್ಪ ಗದರುತ್ತಿದ್ದರು.

ಅಂದು, ಇನ್ನು ಮನೆಯಲ್ಲೇ ಇರಲಿ ಎಂದು ಆಸ್ಪತ್ರೆಯವರು ಕಳಿಸಿದ್ದ ಅಮ್ಮ ನಡುಮನೆಯಲ್ಲಿ ಮಲಗಿದ್ದಳು. ಕರೆಂಟ್ ಹೋಗಿ ಫ್ಯಾನು ನಿಂತಿತ್ತು. "ಬೀಸಣಿಗೆ ಅಂತ ಹೆಸರಿಟ್ಕೊಂಡು ಸುಮ್ನೆ ನಿಂತಿದೆ," ಎಂದು ಗೊಣಗುತ್ತಾ ಸೋದರತ್ತೆ ಒಂದು ಎಲೆ ಕೊಯ್ದು, ನೀರು ಚಿಮುಕಿಸಿ, ಅಮ್ಮನಿಗೆ ಬೀಸತೊಡಗಿದರು.

ಆಫೀಸಿನಿಂದ ಬಂದ ಅಪ್ಪ ಅದನ್ನು ನೋಡಿ ಬಾಗಿಲಲ್ಲೇ ನಿಂತರು.

"ಬೇಜಾರು ಮಾಡ್ಕೋಬೇಡ ಕಣೋ," ಎಂದರು ಅತ್ತೆ.

"ಉಳಿದಿದ್ದನ್ನೂ ಕೊಯ್ದ್ಬಿಡಕ್ಕ. ಅವಳಿಗೆ ಅಂತ್ಲೇ ತಂದಿದ್ದಲ್ವಾ?"

ಅಪ್ಪ ಬೈಯಲೇ ಇಲ್ಲ. ಅಮ್ಮನಿಗೆ ಪೂರ್ತಿ ವಾಸಿಯಾಗಿರಬೇಕು ಎಂದುಕೊಂಡು ನಾನು ಆಡಲು ಓಡಿದೆ.