ಅಮ್ಮ ಎಳೆದ ತಂತಿ

“ಲೋ ಸುಜಯ್, ನಮ್ಮಮ್ಮ ವೀಣೇಲಿ ಆ ಸೋಲೋ ನುಡಿಸ್ತಿದ್ದಾಳೆ ಕಣೋ!” ಮಲೇಷ್ಯಾದ ಪೆಟಾಲಿಂಗ್ ಜಯಾದ ಮನೆಯಿಂದ ಅಮೂಲ್ಯಾ ಫೋನಿನಲ್ಲಿ ಕಿರುಚಿದಳು. ಹಳೆಯ ಬ್ರಿಟಿಷ್ ಬ್ಲೂಸ್ ರಾಕ್ ಆಲ್ಬಮ್ಮಿನ ಆ ಗಿಟಾರ್ ಸೋಲೋ ಅವಳ ಕೈಗೆ ಹತ್ತಿರಲಿಲ್ಲ; ಅದಿಲ್ಲದೆ ಶನಿವಾರ ಕಾಲೇಜಿನ ವೇದಿಕೆಗೆ ಅವಳ ಮತ್ತು ಸುಜಯ್‌ನ ಬ್ಯಾಂಡ್ ಹತ್ತುವಂತಿರಲಿಲ್ಲ.

ಇಷ್ಟು ದಿನ “ಆ ಗಲಾಟೆ ನಿಲ್ಸು” ಎನ್ನುತ್ತಿದ್ದ ಅಮ್ಮ ಈಗ ವೀಣೆಯ ತಂತಿಯನ್ನು ಬೆರಳಿನಿಂದ ಓರೆಗೆ ಎಳೆದು ಹಿಡಿದಳು. “ಇದು ನಮ್ಮ ಗಮಕವೇ ಮಾರಾಯ್ತಿ. ಸ್ವರ ಮುಟ್ಟಿದ ಕೂಡ್ಲೆ ಓಡ್ಬೇಡ, ಅಲ್ಲೇ ಸ್ವಲ್ಪ ನಿಲ್ಲು.”

ಅಮೂಲ್ಯಾ ಗಿಟಾರ್ ಎತ್ತಿ ತಂತಿ ಎಳೆದಳು. ಅಲ್ಲೇ ನಿಂತಳು. ಸ್ವರ ಅಳುತ್ತ ಮೇಲೇರಿತು.

“ಸೂಪರ್ ಲಾ! ಈಗ್ಲೂ ಆಂಟೀನೇ ನುಡಿಸಿದ್ದಾ?” ಮಲೇಷ್ಯಾದವರ ‘ಲಾ’ ಸೇರಿಸಿ ಸುಜಯ್ ಫೋನಿನಲ್ಲಿ ಕೂಗಿದ.

“ನಾನು ಕಣೋ, ನಾನು!”

“ಹಾಗಾದ್ರೆ ನಾಳೆ ನಾಲ್ಕಕ್ಕೆ ಬಾಂಗ್ಸಾರ್‌ನಲ್ಲಿ ರಿಹರ್ಸಲ್. ಆಂಟೀನೂ ಕರ್ಕೊಂಡ್ ಬಾ.”

ಅಮ್ಮ ಫೋನಿನತ್ತ ಬಾಗಿದಳು. “ನಾಲ್ಕಕ್ಕೆ ಬರ್ತೇವೆ ಮಾರಾಯ. ವೀಣೆಗೂ ಜಾಗ ಇಡು.”