ಜೈತುನಬಿಯ ಬೋಣಿ

“ತಡಿ, ಕಳಸಬ್ಯಾಡ!” ತುಳಜಾಬಾಯಿ ಸೊಸೆ ಶಿವಗಂಗಾಳ ಫೋನನ್ನು ಅಂಗೈಯಿಂದ ಮುಚ್ಚಿದಳು. ಅತ್ತೆ ಒರಳಿನಲ್ಲಿ ಖಾರ ಹಾಕಿ ಕುಟ್ಟುವ ಶೇಂಗಾ ಹಿಂಡಿ ಮಾರಲು, ಸೊಸೆ ತಾನೇ ಕಲಿತು ಅಗ್ಗದಲ್ಲಿ ಕಟ್ಟಿದ ವೆಬ್‌ಸೈಟ್ ಸಿದ್ಧವಾಗಿತ್ತು. ಅದರ ಲಿಂಕ್ ಭೂಸನೂರಿಗೆಲ್ಲ ಹೋಗುವುದೊಂದೇ ಬಾಕಿ. ಮನೆಯ ಹಿಂಡಿ ಮಾರುವುದೆಂದರೆ ನಿನ್ನೆಯವರೆಗೂ ನಾಚಿ ಸಾಯುತ್ತಿದ್ದ ಅತ್ತೆ ಈಗ ಹಟ ಹಿಡಿದಳು. “ಬೋಣಿ ಬಾಜೂಮನಿ ಜೈತುನಬಿದೇ ಆಗಬೇಕು. ಆಕಿ ಕೈಗುಣ ಛಲೋ ಅದ.”

“ಅತ್ತಿ, ಆಕಿಗಿ ಇಪ್ಪತ್ತು ವರ್ಷದಿಂದ ಪುಕಟ ಕೊಡಾಕತ್ತೀರಿ!”

ಅಷ್ಟರಲ್ಲಿ ಅತ್ತೆಯ ಕೂಗು ಗೋಡೆ ದಾಟಿತ್ತು. ಆಚೆ ಬಟ್ಟೆ ಒಗೆಯುತ್ತಿದ್ದ ಜೈತುನಬಿ ಎದ್ದು ಗೋಡೆಯ ಹತ್ತಿರ ಬಂದು, ಕೈಯನ್ನು ಸೆರಗಿಗೆ ಒರೆಸಿ, “ಬಿಸ್ಮಿಲ್ಲಾ” ಎಂದು ಶಿವಗಂಗಾ ಗೋಡೆಯ ಮೇಲಿಂದ ಹಿಡಿದ ಫೋನಿನಲ್ಲಿ ತೋರಿಸಿದ ಕಡೆ ಬೆರಳೊತ್ತಿದಳು. ಫೋನು ಟಿಣ್ ಎಂದಿತು. ಮೊದಲ ಆರ್ಡರ್, ಅರ್ಧ ಕಿಲೋ!

ತುಳಜಾಬಾಯಿ ಎಂದಿನಂತೆ ಪೊಟ್ಟಣವನ್ನು ಗೋಡೆಯ ಮೇಲಿಂದ ಚಾಚಿದಳು. ಜೈತುನಬಿ ಕೈ ಹಿಂದಕ್ಕೆಳೆದುಕೊಂಡಳು. “ಹಿಂಗ ಒಲ್ಲೆವ್ವಾ. ಮನಿ ಬಾಗಲಕ್ಕ ತಂದು ಕೊಡ್ತೀವಿ ಅಂತ ಫೋನ್ದಾಗ ಬರದೀರಿ.”

ತುಳಜಾಬಾಯಿ ತಲೆಗೆ ಸೆರಗು ಹೊದ್ದು, ಓಣಿ ಸುತ್ತಿ ಹೋಗಿ, ಜೈತುನಬಿಯ ಕದ ತಟ್ಟಿದಳು.

“ಯಾರ್ರೀ?” ಒಳಗಿನಿಂದ ನಗು ತಡೆದ ದನಿ.

ತುಳಜಾಬಾಯಿ ಓಣಿಗೆಲ್ಲ ಕೇಳುವಂತೆ ಹೇಳಿದಳು: “ಅಂಗಡಿಯಾಕಿ ಬಂದೀನ್ರಿ!”