ಕೋಟಿನ ಜೇಬು

ಅವಳ ಲೇಖನ ಅಚ್ಚುಮಾಡಬೇಕಿದ್ದ ಪತ್ರಿಕೆಯ ಸಂಪಾದಕರ ಪತ್ರದಲ್ಲಿದ್ದುದು ಎರಡೇ ಸಾಲು. "ಸೂಕ್ಷ್ಮದರ್ಶಕದಲ್ಲಿ ಎಲ್ಲವೂ ತಲೆಕೆಳಗಾಗಿ ಕಾಣುತ್ತದಲ್ಲ, ನೀವು ಎಡವನ್ನೇ ಬಲವೆಂದು ಬರೆದಿಲ್ಲ ತಾನೇ? ಸಂಜೆ ಐದರೊಳಗೆ ತಿಳಿಸಿ." ಓದಿದ ಸಂಶೋಧಕಿ ಗಡಿಯಾರ ನೋಡಿದಳು. ಆಗಲೇ ನಾಲ್ಕೂಕಾಲು.

ಮೂರು ವರ್ಷ ಅವಳು ದೋಣಿಯಲ್ಲಿ ವಾಂತಿ ಮಾಡಿಕೊಳ್ಳುತ್ತಲೇ ಸಮುದ್ರದ ತಳದ ಮರಳೆತ್ತಿ, ಸೋಸಿ, ಲ್ಯಾನ್ಸ್‌ಲೆಟ್ ಎಂಬ ಆರುನೂರ ಹನ್ನೆರಡು ಜೀವಿಗಳನ್ನು ಆರಿಸಿದ್ದಳು. ಅರ್ಧ ಕಿರುಬೆರಳಿನಷ್ಟುದ್ದ, ಗಾಜಿನಂಥ ಮೈ. ಮೀನೆನ್ನೋಣವೆಂದರೆ ಬೆನ್ನುಮೂಳೆಯಿಲ್ಲ, ಹುಳುವೆನ್ನೋಣವೆಂದರೆ ಹುಳುವೂ ಅಲ್ಲ. ಮೊಟ್ಟೆಚೀಲ ಬಲಗಡೆ ಮಾತ್ರ ಇರುವ ಜಾತಿ ಈ ತೀರದಲ್ಲೂ ಇದೆಯೆಂದು ಮೊದಲು ಬರೆದವಳು ಅವಳೇ. ಆ ಬಲ ಎಡವಾದರೆ ಮೂರು ವರ್ಷದ ದುಡಿಮೆ ನೀರುಪಾಲು. ನಿದ್ದೆಗೆಟ್ಟ ತಲೆಗೆ ಏನೂ ಹೊಳೆಯಲಿಲ್ಲ.

ಅಷ್ಟರಲ್ಲಿ ಅತ್ತೆ ಬಂದರು. ಅವರು ದರ್ಜಿ, ಮರಳು ಸೋಸುವ ಬಲೆಬಟ್ಟೆಯ ಚೀಲಗಳನ್ನು ಸೊಸೆಗೆ ಹೊಲಿದುಕೊಡುವವರು ಅವರೇ. ಹೊಸ ಚೀಲಗಳನ್ನು ಮೇಜಿನ ಮೇಲಿಟ್ಟು ಸೊಸೆಯ ಮುಖ ನೋಡಿದರು.

"ಯಾಕೆ ಹೀಗೆ ತಲೆ ಮೇಲೆ ಕೈಹೊತ್ತು ಕೂತಿದ್ದೀಯ?"

"ಎಲ್ಲ ಹೋಯ್ತು ಅತ್ತೆ. ಈ ಯಂತ್ರ ಮೇಲಿದ್ದದ್ದನ್ನ ಕೆಳಗೆ, ಎಡಕ್ಕಿದ್ದದ್ದನ್ನ ಬಲಕ್ಕೆ ಮಾಡಿ ತೋರಿಸುತ್ತೆ. ನಾನು ಬಲ ಅಂತ ಬರೆದಿದ್ದೆಲ್ಲ ಎಡ ಇರ್ಬೇಕು."

ಅತ್ತೆ ಮೊಳೆಗೆ ನೇತುಹಾಕಿದ್ದ ಬಿಳಿ ಕೋಟನ್ನು ತೆಗೆದರು. ಅದೂ ಅವರದೇ ಹೊಲಿಗೆ. ಮೇಜಿನ ಮೇಲೆ ಹರಡಿ, ಕಾಲರ್ ಕೆಳಗೆ ಬರುವಂತೆ ಗಿರ್ರನೆ ತಿರುಗಿಸಿದರು.

"ಈಗ ಇದೂ ತಲೆಕೆಳಗು. ಜೇಬು ಎಲ್ಲಿದೆ?"

"ಮೊದಲು ಆ ಕಡೆ ಇತ್ತು, ಈಗ ಈ ಕಡೆ ಬಂತು."

"ನಮ್ಮ ಕಡೆ ಬಿಡು. ತೊಟ್ಟವರಿಗೆ ಯಾವ ಕಡೆ?"

"ಎಡ… ಎಡಕ್ಕೇ ಇದೆ."

"ಜೇಬಿನ ಜೊತೆ ಕಾಲರೂ ತಿರುಗಿದೆಯಲ್ಲ, ಅದಕ್ಕೆ. ನಿನ್ನ ಹುಳಕ್ಕೂ ಕಾಲರ್ ಅಂತ ಏನೋ ಇರ್ಬೇಕಲ್ಲ?"

"ಬಾಯಿದೆ. ಸುತ್ತ ಮೀಸೆ ಥರ ಎಳೆಗಳಿವೆ. ಪ್ರತಿ ಸಲವೂ ಬೆನ್ನು ಮೇಲಿಟ್ಟು, ಬಾಯಿ ಯಾವ ಕಡೆ ಅಂತ ಈ ಯಂತ್ರದಲ್ಲೇ ನೋಡ್ಕೊಂಡು ಬರೆದಿದ್ದೀನಿ."

"ಮತ್ತೆ ಈ ಗೋಳು ಯಾತಕ್ಕೆ?"

ಸಂಶೋಧಕಿಗೆ ಹೋದ ಜೀವ ಬಂದಂತಾಯಿತು. ಅತ್ತೆಯ ಹೆಗಲಿಗೆ ಹಣೆಯಿಟ್ಟು ಅಳುತ್ತಲೇ ನಕ್ಕಳು. ಮೂಗೊರೆಸಿಕೊಂಡು "ಬಲವೇ ಸರಿ" ಎಂದು ಉತ್ತರ ಕಳಿಸಿದಾಗ ನಾಲ್ಕೂಮುಕ್ಕಾಲು.

ಮೂರು ವರ್ಷ ಚೀಲ ಹೊಲಿದುಕೊಟ್ಟರೂ ಅತ್ತೆ ಆ ಜೀವಿಯನ್ನು ಒಮ್ಮೆಯೂ ಕಂಡಿರಲಿಲ್ಲ. ಕನ್ನಡಕವನ್ನು ನೆತ್ತಿಗೇರಿಸಿ, ಬಗ್ಗಿ, ಮಸೂರಕ್ಕೆ ಕಣ್ಣಿಟ್ಟರು.

"ಇದರ ಮುಖ ಎಲ್ಲೇ?"

"ಮುಖ ಇಲ್ಲ ಅತ್ತೆ. ತಲೆ ಅನ್ನೋದೂ ಹೆಚ್ಚುಕಮ್ಮಿ ಇಲ್ಲ."

ಅತ್ತೆ ಕಣ್ಣು ಕೀಳದೆಯೇ ಹೇಳಿದರು: "ಅದಕ್ಕೇ ನೋಡು, ತನ್ನ ಬಲಗಡೆ ಯಾವುದು ಅನ್ನೋ ಅನುಮಾನ ಇದಕ್ಕೆ ಒಂದು ದಿನವೂ ಬಂದಿಲ್ಲ."